ಮನೆ ಪ್ಲಾನ್ ಹತ್ತು ಜನಕ್ಕೆ ತೋರಿಸಿದೆವು, ಈಗ ಯಾರ ಮಾತು ಕೇಳೋದು?

ಪ್ರಶ್ನೆ: ಹೊಸ ಮನೆಯ ಪ್ಲಾನ್ ಕೈಗೆ ಬಂದಿದೆ. ಗೊತ್ತಿದ್ದವರಿಗೆಲ್ಲ ತೋರಿಸಿದೆವು. ಒಬ್ಬರು ಹಾಲ್ ಚಿಕ್ಕದಾಯ್ತು ಅಂದರು. ಇನ್ನೊಬ್ಬರು ಹಾಲ್‌ಗೇ ಇಷ್ಟೊಂದು ಜಾಗ ಯಾಕೆ ಅಂದರು. ಮತ್ತೊಬ್ಬರು ಮೆಟ್ಟಿಲನ್ನೇ ಬೇರೆ ಕಡೆ ಹಾಕಿ ಅಂತಾರೆ. ನಮಗೆ ತಲೆ ಕೆಟ್ಟು ಹೋಗಿದೆ. ಯಾರ ಮಾತು ಕೇಳಬೇಕು?

ಉತ್ತರ: ನೀವು ಪ್ಲಾನ್ ಮುಂದಿಟ್ಟು "ಹೇಗಿದೆ?" ಅಂತ ಕೇಳಿರಬೇಕು, ಅಲ್ವಾ? ಹಾಗೆ ಕೇಳಿದರೆ ಬರುವುದು ಇಂಥ ಉತ್ತರವೇ. ಅವರು ಯಾರೂ ಸುಳ್ಳು ಹೇಳಿಲ್ಲ. ತಮ್ಮ ತಮ್ಮ ಮನೆಯನ್ನು ಮನಸ್ಸಲ್ಲಿ ಇಟ್ಟುಕೊಂಡು ನಿಮ್ಮ ಕಾಗದ ನೋಡಿದ್ದಾರೆ, ಅಷ್ಟೇ. ನಿಮ್ಮ ಮನೆಯಲ್ಲಿ ಎಷ್ಟು ಜನ, ಯಾರು ಬೆಳಗಿನ ಜಾವ ಏಳುತ್ತಾರೆ, ಯಾರು ಮನೆಯಿಂದಲೇ ಕೆಲಸ ಮಾಡುತ್ತಾರೆ, ಯಾರಿಗೆ ಮಂಡಿನೋವು, ಇದೇನೂ ಅವರಿಗೆ ಗೊತ್ತಿಲ್ಲ.

ಹಾಗಾಗಿ ಇನ್ನೊಂದು ಸುತ್ತು ತೋರಿಸುವ ಮೊದಲು ಒಂದು ಚೀಟಿ ಬರೆಯಿರಿ. ಮನೆಯಲ್ಲಿ ಇರುವವರ ವಯಸ್ಸು, ದಿನಚರಿ, ಈಗಿನ ಮನೆಯಲ್ಲಿ ದಿನಾ ಕಿರಿಕಿರಿ ಮಾಡುವ ನಾಲ್ಕು ವಿಷಯ. ಜೊತೆಗೆ ಪ್ಲಾನ್ ಮೇಲೆ ಉತ್ತರ ದಿಕ್ಕಿನ ಬಾಣ ಇರಲಿ, ರಸ್ತೆ ಯಾವ ಕಡೆ, ಪಕ್ಕದ ಕಟ್ಟಡ ಎಷ್ಟು ಹತ್ತಿರ ಅನ್ನುವುದೂ ಇರಲಿ. ಮಧ್ಯಾಹ್ನದ ಮೇಲೆ ಪಶ್ಚಿಮದ ಬಿಸಿಲು ನೇರ ಹೊಡೆಯುವ ರೂಮು ಯಾವುದು ಅಂತ ನೋಡುವವರಿಗೆ ತಿಳಿಯುವುದು ಇದರಿಂದಲೇ.

ಮುಖ್ಯವಾಗಿ, ಪೀಠೋಪಕರಣ ಬರೆಸಿ. ಅದೂ ನಿಜವಾದ ಅಳತೆಯಲ್ಲಿ. ಖಾಲಿ ರೂಮು ಕಾಗದದ ಮೇಲೆ ಯಾವಾಗಲೂ ದೊಡ್ಡದಾಗೇ ಕಾಣುತ್ತದೆ. 10 ಅಡಿಗೆ 10 ಅಡಿ ರೂಮು ಅಂದುಕೊಳ್ಳಿ. ಮಂಚ 6 ಅಡಿ 6 ಇಂಚು ಉದ್ದ. ಅದರ ಕಾಲ ಕಡೆ ಗೋಡೆಗೆ 2 ಅಡಿ ಆಳದ ಬೀರು. ಉಳಿದದ್ದು ಒಂದೂವರೆ ಅಡಿ. ಅಷ್ಟರಲ್ಲಿ ಬೀರುವಿನ ಬಾಗಿಲೂ ತೆಗೆಯಬೇಕು, ನೀವೂ ನಿಲ್ಲಬೇಕು. ಇನ್ನೊಂದು ಮಾತು: ಆ 10 ಅಡಿ ಒಳಗಿನ ಅಳತೆಯೋ, ಗೋಡೆಯ ನಡುವಿನಿಂದ ಗೋಡೆಯ ನಡುವಿಗೆ ಹಿಡಿದದ್ದೋ? ಎರಡನೆಯದಾದರೆ, 9 ಇಂಚಿನ ಗೋಡೆಗಳಿಗೆ ಕಳೆದು ಒಳಗೆ ಸಿಗುವುದು 9 ಅಡಿ 3 ಇಂಚು. ಆಗ ಮಂಚಕ್ಕೂ ಬೀರುವಿಗೂ ನಡುವೆ ಉಳಿಯುವುದು ಬರೀ 9 ಇಂಚು. ಪ್ಲಾನ್ ಬರೆದವರನ್ನು ಮೊದಲು ಕೇಳಬೇಕಾದ ಪ್ರಶ್ನೆ ಇದು.

ಇನ್ನು ಮೆಟ್ಟಿಲು. ಇಲ್ಲಿ ಯಾರ ಅಭಿಪ್ರಾಯವೂ ಬೇಡ, ಲೆಕ್ಕ ಸಾಕು. 17ನೇ ಶತಮಾನದ ಫ್ರೆಂಚ್ ವಾಸ್ತುಶಿಲ್ಪಿ ಫ್ರಾಂಸ್ವಾ ಬ್ಲೋಂಡೆಲ್ ಹಾಕಿಕೊಟ್ಟ ಸೂತ್ರ ಇವತ್ತಿಗೂ ನಡೆಯುತ್ತಿದೆ. ಮೆಟ್ಟಿಲ ಎತ್ತರದ ಎರಡರಷ್ಟಕ್ಕೆ ಕಾಲಿಡುವ ಅಗಲ ಕೂಡಿಸಿದರೆ ಸುಮಾರು 24 ಇಂಚು ಬರಬೇಕು. ನಮ್ಮ ಹೆಜ್ಜೆಯ ಉದ್ದ ನೋಡಿ ಮಾಡಿದ ಲೆಕ್ಕ ಅದು. ಎತ್ತರ 7, ಅಗಲ 10 ಅಂದರೆ ಸರಿಯಾಗಿ 24. ಈಗ ನಿಮ್ಮ ಪ್ಲಾನ್ ತೆಗೆದುಕೊಳ್ಳಿ. ಕೆಳಗಿನ ನೆಲದಿಂದ ಮೇಲಿನ ನೆಲಕ್ಕೆ 10 ಅಡಿ 6 ಇಂಚು ಇದ್ದರೆ ಅದು 126 ಇಂಚು. ಏಳೇಳು ಇಂಚು ಏರುತ್ತಾ ಹೋದರೆ 18 ಏರು ಬೇಕು. ಪ್ಲಾನ್‌ನಲ್ಲಿ 14 ಏರಿಗಷ್ಟೇ ಜಾಗ ಇದೆಯೋ? ಹಾಗಾದರೆ ಒಂದೊಂದೂ 9 ಇಂಚು ಎತ್ತರ. ಅದು ಮೆಟ್ಟಿಲಲ್ಲ, ಏಣಿ. ಮಂಡಿನೋವಿನವರು ಮಹಡಿಯ ಆಸೆ ಬಿಡಬೇಕಾಗುತ್ತದೆ.

ಮೂರನೆಯ ಪರೀಕ್ಷೆ ನನಗೆ ಬಹಳ ಇಷ್ಟ, ಮಕ್ಕಳನ್ನೂ ಕೂರಿಸಿಕೊಂಡು ಮಾಡಬಹುದು. 1928ರ ಹೊತ್ತಿಗೆ ಜರ್ಮನಿಯಲ್ಲಿ ಅಲೆಕ್ಸಾಂಡರ್ ಕ್ಲೈನ್ ಎಂಬ ವಾಸ್ತುಶಿಲ್ಪಿ ಪ್ಲಾನ್‌ಗಳ ಮೇಲೆ ಜನ ಓಡಾಡುವ ದಾರಿಯನ್ನು ಗೆರೆ ಎಳೆದು ತೋರಿಸಿದರು. ಒಂದು ಮನೆಯಲ್ಲಿ ಗೆರೆಗಳು ಒಂದರ ಮೇಲೊಂದು ಬಿದ್ದು ಸಿಕ್ಕುಸಿಕ್ಕಾದರೆ, ಇನ್ನೊಂದರಲ್ಲಿ ಬೇರೆ ಬೇರೆಯಾಗಿ ಹರಿಯುತ್ತವೆ. ನೀವೂ ಇದನ್ನೇ ಮಾಡಿ. ಪ್ಲಾನ್‌ನ ನಾಲ್ಕೈದು ಜೆರಾಕ್ಸ್ ತೆಗೆಸಿ, ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಪೆನ್ಸಿಲ್ ಕೊಡಿ. ಬೆಳಗ್ಗೆ ಎದ್ದು ಹೊರಗೆ ಹೊರಡುವವರೆಗಿನ ದಾರಿ ಒಂದು ಹಾಳೆಯಲ್ಲಿ. ರಾತ್ರಿ ಮಗು ಎದ್ದು ಬಾತ್‌ರೂಮಿಗೆ ಹೋಗುವ ದಾರಿ ಇನ್ನೊಂದರಲ್ಲಿ. ಗಾಡಿಯಿಂದ ಅಡುಗೆಮನೆಗೆ ಸಾಮಾನಿನ ಚೀಲ ಹೊರುವುದು, ಒಗೆದ ಬಟ್ಟೆ ಒಣಹಾಕಲು ಒಯ್ಯುವುದು, ನೆಂಟರು ಬಂದು ಕೈ ತೊಳೆಯುವುದು. ಗೆರೆಗಳು ಹಾಲ್ ನಡುವೆ ಅಡ್ಡಾದಿಡ್ಡಿ ಹಾದು ಹೋದರೆ ಅದು ಹಾಲ್ ಅಲ್ಲ, ದೊಡ್ಡ ಪ್ಯಾಸೇಜು. ಅಲ್ಲಿ ಸೋಫಾ ಎಲ್ಲಿ ಇಟ್ಟರೂ ಯಾರದೋ ಕಾಲಿಗೆ ಅಡ್ಡ. ಹಾಲ್ ಚಿಕ್ಕದು ಅಂದವರಿಗೂ ದೊಡ್ಡದು ಅಂದವರಿಗೂ ಬಹುಶಃ ಕಂಡದ್ದು ಇದೇ ಇರಬಹುದು. ಹೇಳಲು ಬಂದಿಲ್ಲ.

ಅಡುಗೆಮನೆಗೆ ಒಂದು ಹಳೆಯ ಅಳತೆ ಇದೆ. 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಬೆಳೆದದ್ದು. ಒಲೆ, ಸಿಂಕ್, ಫ್ರಿಜ್ ಮೂರನ್ನೂ ಸೇರಿಸಿ ತ್ರಿಕೋನ ಎಳೆದರೆ ಮೂರು ಬದಿ ಕೂಡಿ 13ರಿಂದ 26 ಅಡಿಯೊಳಗೆ ಇರಬೇಕು ಅನ್ನುತ್ತದೆ. ಆದರೆ ಅದು ಒಬ್ಬರೇ ಅಡುಗೆ ಮಾಡುವ ಲೆಕ್ಕ. ನಿಮ್ಮಲ್ಲಿ ಇಬ್ಬರು ನಿಲ್ಲುವುದಾದರೆ ತ್ರಿಕೋನಕ್ಕಿಂತ ಎದುರುಬದುರು ಕಟ್ಟೆಗಳ ನಡುವಿನ ಜಾಗ ಮುಖ್ಯ. 4 ಅಡಿ ಇರಲಿ.

ಬಾಗಿಲು ಯಾವ ಕಡೆ ತೆರೆಯುತ್ತದೆ ಅನ್ನುವ ಕಾಲು ವೃತ್ತಗಳನ್ನೂ ನೋಡಿ. ನನ್ನ ರೂಮಿನ ಲೈಟ್ ಸ್ವಿಚ್ ಬಾಗಿಲ ಹಿಂದೆ ಇದೆ. ಒಳಗೆ ಬಂದು, ಕತ್ತಲಲ್ಲಿ ಬಾಗಿಲು ಹಾಕಿ, ಆಮೇಲೆ ತಡಕಾಡಬೇಕು. ಪ್ಲಾನ್‌ನಲ್ಲಿ ಆ ಗೆರೆ ಸ್ಪಷ್ಟವಾಗೇ ಇತ್ತು. ನಾನು ಸುಮ್ನೆ ಹೂಂ ಅಂದಿದ್ದೆ.

ಮುಂದೆ ಗಾಲಿಕುರ್ಚಿ ಬೇಕಾಗಬಹುದು ಅನ್ನಿಸಿದರೆ ಈಗಲೇ ಹೇಳಿಬಿಡಿ. ಅದು ತಿರುಗಲು 5 ಅಡಿ ಸುತ್ತಳತೆಯಲ್ಲ, 5 ಅಡಿ ಅಗಲದ ಜಾಗ ಬೇಕು. ಬಾತ್‌ರೂಮಿನ ಬಾಗಿಲಿಗೆ 3 ಅಡಿ ಇದ್ದರೆ ನಿಶ್ಚಿಂತೆ.

ಅಳತೆ ಕಣ್ಣಿಗೆ ಕಟ್ಟದಿದ್ದರೆ ಈಗಿನ ಮನೆಯ ರೂಮುಗಳನ್ನು ಟೇಪು ಹಿಡಿದು ಅಳೆದು ಹೋಲಿಸಿ. ಸೈಟಿನಲ್ಲಿ ಸೀಮೆಸುಣ್ಣದ ಗೆರೆ ಎಳೆದು ನೋಡುವವರೂ ಇದ್ದಾರೆ. ಬಯಲಲ್ಲಿ, ಆಕಾಶದ ಕೆಳಗೆ, ಎಂಥ ರೂಮೂ ಬೆಂಕಿಪೊಟ್ಟಣದಂತೆ ಕಾಣುತ್ತದೆ. ಅದನ್ನು ನೋಡಿ ಗಾಬರಿಯಾಗಿ ಗೋಡೆ ಸರಿಸಬೇಡಿ.

ಈಗ ನಿಮ್ಮ ಪ್ರಶ್ನೆಗೆ ಬರೋಣ: ಯಾರ ಮಾತು? ನನ್ನ ಪ್ರಕಾರ ಎಲ್ಲರ ದೂರು ಕೇಳಿ, ಅವರು ಕೊಡುವ ಪರಿಹಾರ ಮಾತ್ರ ಅಲ್ಲೇ ಬಿಡಿ. "ಇಲ್ಲಿ ಕತ್ತಲಾಗುತ್ತದೆ" ಅನ್ನುವುದು ದೂರು, ಬರೆದುಕೊಳ್ಳಿ. "ಈ ಗೋಡೆ ಒಡೆದು ಆ ಕಡೆ ಹಾಕಿ" ಅನ್ನುವುದು ಪರಿಹಾರ. ಕಾಲಂ ಎಲ್ಲಿದೆ, ಮೇಲಿನ ಬಾತ್‌ರೂಮಿನ ಪೈಪು ಎಲ್ಲಿ ಇಳಿಯುತ್ತದೆ ಅನ್ನುವುದು ಹೇಳುವವರಿಗೆ ಗೊತ್ತಿರುವುದಿಲ್ಲ. ಅದು ಆರ್ಕಿಟೆಕ್ಟ್ ಮತ್ತು ಎಂಜಿನಿಯರ್ ಕೆಲಸ. ಎಲ್ಲಕ್ಕಿಂತ ಜಾಸ್ತಿ ತೂಕ ಮನೆಕೆಲಸ ಮಾಡುವವರ ಮಾತಿಗೆ ಇರಲಿ. ಆಮೇಲೆ, ಮನೆ ಕಟ್ಟಿ ಎರಡು ಮೂರು ವರ್ಷ ಅದರಲ್ಲಿ ಇದ್ದವರ ಮಾತಿಗೆ. ಅವರನ್ನು "ನಮ್ಮದು ಹೇಗಿದೆ" ಅಂತ ಕೇಳಬೇಡಿ. "ನಿಮ್ಮ ಮನೆಯಲ್ಲಿ ಏನು ಬದಲಾಯಿಸಬೇಕು ಅನ್ನಿಸುತ್ತದೆ?" ಅಂತ ಕೇಳಿ, ಮಾತು ತಾನಾಗೇ ಬರುತ್ತದೆ.

ಮೆಟ್ಟಿಲು ಬೇರೆ ಕಡೆ ಹಾಕಿ ಅಂದರಲ್ಲ, ಅವರಿಗೆ ಇವತ್ತೇ ಒಂದು ಫೋನ್ ಮಾಡಿ. ಎಲ್ಲಿಗೆ ಹಾಕಬೇಕು ಅಂತ ಕೇಳಬೇಡಿ, ಈಗಿರುವ ಕಡೆ ಏನು ತೊಂದರೆ ಕಂಡಿತು ಅಂತ ಕೇಳಿ.