ಶಂಖಪುಷ್ಪದ ಬೀಜಕ್ಕೊಂದು ಬಾಗಿಲು

ಹನ್ನೆರಡು ಶಂಖಪುಷ್ಪದ ಬೀಜಗಳನ್ನು ರಾತ್ರಿ ಒಂದು ಲೋಟ ನೀರಿಗೆ ಹಾಕಿಟ್ಟಿದ್ದೆ. ಬೆಳಿಗ್ಗೆ ಐದು ಬೀಜ ಉಬ್ಬಿ ಮೆತ್ತಗಾಗಿದ್ದವು. ಉಳಿದ ಏಳು ಹಾಕಿದಾಗ ಹೇಗಿದ್ದವೋ ಹಾಗೆಯೇ ಲೋಟದ ತಳದಲ್ಲಿ ಹರಳಿನಂತೆ ಕೂತಿದ್ದವು. ಉಗುರಿನಿಂದ ಒತ್ತಿದರೂ ಗೀರು ಬೀಳಲಿಲ್ಲ. ಎಲ್ಲವೂ ಒಂದೇ ಬಳ್ಳಿಯವು, ಒಂದೇ ದಿನ ಬಿಡಿಸಿದವು.

ಜೊಳ್ಳು ಎಂದು ನಾವು ಚೆಲ್ಲುವ ಬೀಜಗಳಲ್ಲಿ ಎಷ್ಟೋ ಈ ಬಗೆಯವು. ಅವು ಸತ್ತಿಲ್ಲ, ಒಳಗೆ ನೀರು ಹೋಗಿಲ್ಲ ಅಷ್ಟೆ. ಶಂಖಪುಷ್ಪ ಅವರೆ, ಹುರುಳಿಗಳ ಬಳಗಕ್ಕೆ ಸೇರಿದ ಬಳ್ಳಿ. ಬೀಜದ ಸಿಪ್ಪೆಯಲ್ಲಿ ಉದ್ದನೆಯ ಜೀವಕೋಶಗಳು ಬೇಲಿಯ ಗೂಟಗಳಂತೆ ಒತ್ತೊತ್ತಾಗಿ ನಿಂತಿರುತ್ತವೆ. ಬೀಜ ಒಣಗುತ್ತಾ ಹೋದಂತೆ ಆ ಬೇಲಿ ಹನಿ ನೀರೂ ನುಸುಳದಷ್ಟು ಬಿಗಿಯಾಗುತ್ತದೆ.

ಹಾಗಾದರೆ ಒಳಗಿನ ತೇವ ಹೊರಗೆ ಹೋಗುವುದು ಎಲ್ಲಿಂದ? ಬೀಜವನ್ನು ಬೆಳಕಿಗೆ ಹಿಡಿದರೆ ಒಂದು ಪಕ್ಕದಲ್ಲಿ ಪುಟ್ಟ ಮಚ್ಚೆ ಕಾಣುತ್ತದೆ. ಕಾಯಿಗೆ ಅಂಟಿಕೊಂಡಿದ್ದ ಜಾಗ ಅದು, ಬೀಜದ ಹೊಕ್ಕುಳು. ನ್ಯೂಜಿಲೆಂಡಿನ ಸಂಶೋಧಕ ಹೈಡ್ ಇದೇ ಬಳಗದ ಕ್ಲೋವರ್ ಮತ್ತು ಲೂಪಿನ್ ಗಿಡಗಳ ಬೀಜಗಳನ್ನು ಪರೀಕ್ಷಿಸಿ 1954ರಲ್ಲಿ ಇದರ ಗುಟ್ಟನ್ನು ಪ್ರಕಟಿಸಿದರು. ಹೊಕ್ಕುಳಿನ ನಡುವೆ ಕೂದಲೆಳೆಯಂಥ ಸೀಳಿದೆ. ಗಾಳಿ ಒಣಗಿದ್ದರೆ ಅದು ತೆರೆದು ತೇವವನ್ನು ಹೊರಬಿಡುತ್ತದೆ. ಗಾಳಿಯಲ್ಲಿ ತೇವ ಏರಿದರೆ ಮುಚ್ಚಿಕೊಳ್ಳುತ್ತದೆ. ಹೊರಗೆ ಮಾತ್ರ ದಾರಿ ಕೊಡುವ ಬಾಗಿಲು! ಇಷ್ಟು ಚಿಕ್ಕ ಬೀಜದಲ್ಲಿ ಇಂಥ ಏರ್ಪಾಡು ಇರುವುದನ್ನು ತಿಳಿದ ದಿನ ನಾನು ಬಹಳ ಹೊತ್ತು ಭೂತಗನ್ನಡಿ ಕೆಳಗಿಡಲಿಲ್ಲ.

ಈ ಬಿಗಿತನದ ಲಾಭ ನಮ್ಮ ಮೂಡಿಗೆರೆ ಸೀಮೆಯವರಿಗೆ ಬೇಗ ಅರ್ಥವಾಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿಗೆ ಹೂಮಳೆ ಬೀಳುತ್ತದೆ. ಅದನ್ನು ನಂಬಿ ಎಲ್ಲ ಬೀಜಗಳೂ ಒಟ್ಟಿಗೆ ಮೊಳೆತರೆ, ಮುಂದಿನ ಮಳೆ ತಡವಾದಾಗ ಒಂದು ಸಸಿಯೂ ಉಳಿಯುವುದಿಲ್ಲ. ಐದು ಈಗ ಏಳುತ್ತವೆ, ಏಳು ಕಾಯುತ್ತವೆ.

ಎಲ್ಲ ಬೀಜಗಳಿಗೂ ಈ ಭಾಗ್ಯವಿಲ್ಲ. ಹಲಸಿನ ಬೀಜ ಒಣಗಿದರೆ ಸತ್ತೇ ಹೋಗುತ್ತದೆ. ಬಿತ್ತನೆಯ ಕಾಫಿ ಬೀಜವನ್ನೂ ವರ್ಷಗಟ್ಟಲೆ ಇಡಲಾಗದು. ಶಂಖಪುಷ್ಪ ಮಾತ್ರ ಒಣಗಿದಷ್ಟೂ ಬಾಳುತ್ತದೆ. ಹ್ಯಾರಿಂಗ್ಟನ್ ಎಂಬ ವಿಜ್ಞಾನಿಯ ಅಂದಾಜು ಸೂತ್ರದಂತೆ, ಇಂಥ ಬೀಜಗಳ ತೇವಾಂಶ ಶೇ. 1ರಷ್ಟು ಇಳಿದಾಗಲೆಲ್ಲ ಆಯುಸ್ಸು ಇಮ್ಮಡಿಯಾಗುತ್ತದೆ. ಶೇ. 14ರಿಂದ 10ಕ್ಕೆ ಇಳಿದರೆ ಹದಿನಾರು ಪಟ್ಟು. ಹಳೆಯ ಮನೆಗಳಲ್ಲಿ ಬಿತ್ತನೆ ಬೀಜವನ್ನು ಬೂದಿಯಲ್ಲಿ ಕಲಸಿ ಒಲೆಯ ಮೇಲಿನ ಅಟ್ಟದಲ್ಲಿಡುತ್ತಿದ್ದುದು ಎಷ್ಟು ಸರಿ ಎಂದು ಈ ಲೆಕ್ಕ ನೋಡಿದಾಗ ಅನ್ನಿಸುತ್ತದೆ.

ನಾನು ಒಮ್ಮೆ ಆಗಸ್ಟ್‌ನಲ್ಲಿ, ಜಡಿಮಳೆಯ ನಡುವೆ, ಅರೆಹಸಿರು ಕಾಯಿ ಕಿತ್ತು ಬೀಜವನ್ನು ಬಾಟಲಿಗೆ ತುಂಬಿ ಮುಚ್ಚಳ ಬಿಗಿದೆ. ದಸರೆಯ ಹೊತ್ತಿಗೆ ಎಲ್ಲಕ್ಕೂ ಬೂಷ್ಟು ಹಿಡಿದಿತ್ತು. ತೇವವನ್ನು ನಾನೇ ಒಳಗೆ ಕೂಡಿಹಾಕಿದ್ದೆ. ಈಗ ಮಳೆಗಾಲದ ಕಾಯಿಗಳ ಆಸೆ ಬಿಟ್ಟು ಜನವರಿಯ ಬಿಸಿಲಿಗೆ ಕಾಯುತ್ತೇನೆ. ಆಗಲೂ ಎಚ್ಚರ ಬೇಕು. ಕಾಯಿಯ ಹೋಳುಗಳಲ್ಲಿ ನಾರುಗಳು ಅಡ್ಡಡ್ಡವಾಗಿ ಹೆಣೆದುಕೊಂಡಿರುತ್ತವೆ. ಒಣಗುವಾಗ ಅವು ಒಂದೊಂದು ದಿಕ್ಕಿಗೆ ಎಳೆದು, ಮಧ್ಯಾಹ್ನದ ಬಿಸಿಲಿಗೆ ಕಾಯಿ ಚಟ್ಟನೆ ಸೀಳಿ ಬೀಜ ಅಂಗಳಕ್ಕೆ ಸಿಡಿಯುತ್ತದೆ. ಹುಲ್ಲಿನ ಬಣ್ಣಕ್ಕೆ ತಿರುಗುತ್ತಿದ್ದಂತೆ ತೆಳುಬಟ್ಟೆಯ ಚೀಲ ಕಟ್ಟುತ್ತೇನೆ. ಬಿಡಿಸಿದ ಬೀಜವನ್ನು ನೆರಳಿನಲ್ಲಿ ವಾರವಿಡೀ ಆರಿಸಿ, ಹುರಿದು ಆರಿಸಿದ ಅಕ್ಕಿಯ ಪುಟ್ಟ ಗಂಟಿನೊಂದಿಗೆ ಬಾಟಲಿಗೆ ಹಾಕುತ್ತೇನೆ. ಗಾಳಿಯ ತೇವವನ್ನು ಅಕ್ಕಿ ಎಳೆದುಕೊಳ್ಳುತ್ತದೆ.

ಬಿತ್ತುವುದು ಸುಲಭ. ಹೊಕ್ಕುಳನ್ನು ಬಿಟ್ಟು ಅದರ ಎದುರು ಬದಿಯ ಸಿಪ್ಪೆಯನ್ನು ನೈಲ್ ಕಟರ್‌ನಿಂದ ಒಳಗಿನ ಬಿಳುಪು ಇಣುಕುವಷ್ಟು ಚಿವುಟಿ, ನೆನೆಸಿ ನೆಟ್ಟರಾಯಿತು. ಮುಂದೆ ಬೇಕಾದ್ದು ಬಿಸಿಲು, ನೀರು ನಿಲ್ಲದ ಮಣ್ಣು, ಸುತ್ತಿಕೊಳ್ಳಲು ಬೆರಳುಗಾತ್ರದ ಕೋಲು.

ಲೋಟದ ತಳದ ಏಳರಲ್ಲಿ ಐದನ್ನು ಹೀಗೆ ಚಿವುಟಿದೆ. ಮರುದಿನ ಬೆಳಿಗ್ಗೆಗೆ ಐದೂ ಉಬ್ಬಿದ್ದವು. ಉಳಿದ ಎರಡನ್ನು ಮುಟ್ಟದೆ ಕುಂಡದ ಅಂಚಿನಲ್ಲಿ ಹುಗಿದು ಕಡ್ಡಿ ಚುಚ್ಚಿದ್ದೇನೆ. ಹೂಮಳೆ ಬಂದು ಹೋಯಿತು, ಅವು ಇನ್ನೂ ಎದ್ದಿಲ್ಲ.