‘ಸದರಿ ಮಚ್ಚು’ ಯಾರ ಮಾತು?

ಕೊಲೆ ಪ್ರಕರಣದಲ್ಲಿ ಶಿಕ್ಷೆಯಾಗಿದ್ದವನು ಮೇಲ್ಮನವಿಯಲ್ಲಿ ಖುಲಾಸೆಯಾದ ಸುದ್ದಿ ಬಂದ ದಿನ ವಕೀಲನಾದ ನನ್ನ ಫೋನಿಗೆ ಬಿಡುವಿರುವುದಿಲ್ಲ. ಎಲ್ಲರದೂ ಒಂದೇ ಪ್ರಶ್ನೆ: “ಏನೂ ಮಾಡದಿದ್ದರೆ ಪೊಲೀಸರ ಮುಂದೆ ಒಪ್ಪಿಕೊಂಡದ್ದೇಕೆ?” ಒಮ್ಮೆ ನಿವೃತ್ತ ಪ್ರಾಂಶುಪಾಲರೊಬ್ಬರೂ ಕೇಳಿದರು. ಇಪ್ಪತ್ತೆರಡು ವರ್ಷಗಳಿಂದ ಉತ್ತರಿಸುತ್ತಿದ್ದೇನೆ, ಇದೂ ಒಂದಾಗಲಿ.

ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸುವಂತಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 25ನೇ ಕಲಮು ಹೇಳುತ್ತಿದ್ದುದು ಅದನ್ನೇ. 2024ರ ಜುಲೈಯಿಂದ ಜಾರಿಯಲ್ಲಿರುವ ಹೊಸ ಕಾಯ್ದೆಯ 23ನೇ ಕಲಮು ಹೇಳುವುದೂ ಅದನ್ನೇ. ಒಂದು ಕಿಂಡಿ ಮಾತ್ರ ಇದೆ. ಆರೋಪಿಯ ಮಾತಿನಿಂದ ಏನಾದರೂ ಪತ್ತೆಯಾದರೆ, ಆ ಪತ್ತೆಗೆ ಕಾರಣವಾದಷ್ಟು ಮಾತು ಒಳಗೆ ಬರಬಹುದು. “ಮಚ್ಚನ್ನು ಬೇಲಿಯ ಬುಡದಲ್ಲಿ ಬಚ್ಚಿಟ್ಟಿದ್ದೇನೆ” ಎಂಬುದು ಬರಬಹುದು. “ಅದರಿಂದ ಅವನನ್ನು ಕಡಿದೆ” ಎಂಬುದು ಬರುವುದಿಲ್ಲ. ಪುಲುಕುರಿ ಕೊಟ್ಟಯ್ಯ ಪ್ರಕರಣದಲ್ಲಿ ಬ್ರಿಟಿಷರ ಕಾಲದ ಅಂತಿಮ ಮೇಲ್ಮನವಿ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ ಸ್ವಾತಂತ್ರ್ಯಕ್ಕೂ ಮುಂಚೆಯೇ ಇದನ್ನು ಬಿಡಿಸಿ ಹೇಳಿದೆ. ಆದರೂ ಇಡೀ ಹೇಳಿಕೆ ಕಡತ ಸೇರುತ್ತದೆ. 2022ರಲ್ಲಿ ಕರ್ನಾಟಕದ್ದೇ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಈ ಅಭ್ಯಾಸವನ್ನು ಆಕ್ಷೇಪಿಸಿತು. ಒಮ್ಮೆ ಓದಿದ್ದನ್ನು ಓದಿಲ್ಲವೆಂದುಕೊಳ್ಳುವುದು ಯಾರಿಗೂ ಸುಲಭವಲ್ಲ.

ಇನ್ನು ಆ ‘ಸ್ವಇಚ್ಛಾ ಹೇಳಿಕೆ’, ಅಂದರೆ ಆರೋಪಿ ತಾನಾಗಿ ಕೊಟ್ಟದ್ದೆಂದು ಪೊಲೀಸರು ಬರೆದುಕೊಳ್ಳುವ ಹೇಳಿಕೆ. ನನ್ನ ಕಕ್ಷಿದಾರನೊಬ್ಬನಿಗೆ (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ) ಅಕ್ಷರ ಬಾರದು, ಹೆಬ್ಬೆಟ್ಟಿನವನು. ಅವನ ಹೆಸರಿನಲ್ಲಿದ್ದ ನಾಲ್ಕು ಪುಟಗಳನ್ನು ಜೈಲಿನ ಭೇಟಿಯಲ್ಲಿ ಓದಿದೆ: “ನನ್ನನ್ನು ಕರೆದುಕೊಂಡು ಹೋದಲ್ಲಿ ಸದರಿ ಮಚ್ಚನ್ನು ಹಾಜರುಪಡಿಸುತ್ತೇನೆ.” ಅವನು ತಲೆ ಕೆರೆದುಕೊಂಡು ಕೇಳಿದ: “ಸಾರ್, ಸದರಿ ಎಂದರೆ ಏನು?”

ಮೂರು ರಾತ್ರಿ ನಿದ್ದೆಯಿಲ್ಲ. “ಈಗ ಒತ್ತು, ಕೋರ್ಟಿನಲ್ಲಿ ಏನು ಬೇಕಾದರೂ ಹೇಳಿಕೋ” ಎಂದರಂತೆ ಪೊಲೀಸರು. ಒತ್ತಿದ. ಮಚ್ಚು ಸಿಕ್ಕಿತೆಂಬ ಮಹಜರಿಗೆ ಸಾಕ್ಷಿಗಳಾದ ಪಂಚರಲ್ಲೊಬ್ಬ ಪಾಟೀಸವಾಲಿನಲ್ಲಿ, ಸಹಿ ಹಾಕಿದ್ದು ಠಾಣೆಯಲ್ಲೇ ಎಂದ. ಬೇಲಿಯನ್ನು ಆ ಪಂಚ ಕಂಡೇ ಇರಲಿಲ್ಲ.

ಇದು ನಮ್ಮಲ್ಲಿ ಮಾತ್ರ ಎಂದುಕೊಳ್ಳಬೇಡಿ. ಜಪಾನಿನ ಇವಾವೊ ಹಕಮಾಡ 1966ರಲ್ಲಿ ಸುಮಾರು ಇಪ್ಪತ್ತು ದಿನಗಳ ವಿಚಾರಣೆಯ ನಂತರ ನಾಲ್ವರ ಕೊಲೆಯನ್ನು ಒಪ್ಪಿಕೊಂಡರು. ಅವರ 45 ಹೇಳಿಕೆಗಳಲ್ಲಿ 44ನ್ನು ನ್ಯಾಯಾಲಯವೇ ತಳ್ಳಿಹಾಕಿ, ಉಳಿದ ಒಂದನ್ನು ಒಪ್ಪಿಕೊಂಡು ಮರಣದಂಡನೆ ವಿಧಿಸಿತು! ಘಟನೆ ನಡೆದು ಹದಿನಾಲ್ಕು ತಿಂಗಳಾದ ಮೇಲೆ ಮಿಸೊ (ಸೋಯಾ ಕಾಳು ಹುದುಗಿಸಿ ಮಾಡುವ ವ್ಯಂಜನ) ತೊಟ್ಟಿಯೊಳಗೆ ರಕ್ತದ ಕೆಂಪು ಕಲೆಯ ಬಟ್ಟೆಗಳು ‘ಸಿಕ್ಕಿದ್ದವು’. ಅಷ್ಟು ದಿನ ಮಿಸೊದಲ್ಲಿ ನೆನೆದ ರಕ್ತ ಕೆಂಪಾಗಿ ಉಳಿಯುವುದಿಲ್ಲ. 2024ರಲ್ಲಿ ದೋಷಮುಕ್ತರಾದಾಗ ಹಕಮಾಡರಿಗೆ 88 ವರ್ಷ.

ಎಲ್ಲ ತಪ್ಪೊಪ್ಪಿಗೆಯೂ ಸುಳ್ಳೆಂದು ನಾನು ಹೇಳುತ್ತಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ, ಎಚ್ಚರಿಕೆ ಕೇಳಿಸಿಕೊಂಡು ಕೊಟ್ಟದ್ದರ ತೂಕವೇ ಬೇರೆ. ಖುಲಾಸೆಯಾದವರೆಲ್ಲ ನಿರಪರಾಧಿಗಳೆಂದೂ ವಕೀಲನಾಗಿ ನಾನು ಬರೆದುಕೊಡಲಾರೆ. ಪೊಲೀಸರಲ್ಲಿಯೂ ಕಾಗದಕ್ಕಿಂತ ಮೊದಲು ಕಾಲು ಸವೆಸುವವರನ್ನು ಕಂಡಿದ್ದೇನೆ.

ನನ್ನ ಕಕ್ಷಿದಾರ ಒಂಬತ್ತು ವರ್ಷದ ಮೇಲೆ ಹೊರಬಂದ. ತೀರ್ಪಿನ ದೃಢೀಕೃತ ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಓಡಾಡುತ್ತಿದ್ದ, ಅದು ಇಂಗ್ಲಿಷಿನಲ್ಲಿತ್ತು. ಊರಿನವರು ನೋಡಿ, “ಅದಿರಲಿ, ಒಪ್ಪಿಕೊಂಡಿದ್ದೆಯಲ್ಲ?” ಎನ್ನುತ್ತಿದ್ದರಂತೆ. ಕನ್ನಡದಲ್ಲಿ ಬರೆದುಕೊಡಿ ಎಂದು ಕೂತ. ಅರ್ಧ ಪುಟ ಬರೆದುಕೊಟ್ಟೆ. ಚೀಲಕ್ಕೆ ಸೇರಿಸುವ ಮುನ್ನ ಎರಡು ಸಲ ಓದಿಸಿಕೊಂಡು, ‘ಸದರಿ’ ಎಲ್ಲೂ ಇಲ್ಲವೆಂದು ಖಚಿತಪಡಿಸಿಕೊಂಡ.