ಕೊನೆಯ ನಲ್ಲಿಯಲ್ಲಿ ಎಷ್ಟು ಕ್ಲೋರಿನ್ ಉಳಿದಿದೆ? ಸಣ್ಣ ಊರಿನ ಕುಡಿಯುವ ನೀರಿನ ಬಗ್ಗೆ ಟಿಪ್ಪಣಿ

ನೀರಿನ ಗುಣಮಟ್ಟದ ಪಾಠ ಬಂದಾಗ ನಾವೆಲ್ಲ ಮೊದಲು ಕೋಷ್ಟಕಕ್ಕೆ ಹೋಗುತ್ತೇವೆ. ಫ್ಲೋರೈಡ್ ಇಷ್ಟು, ನೈಟ್ರೇಟ್ ಇಷ್ಟು, ಕಬ್ಬಿಣ ಇಷ್ಟು ಅಂತ ಬಾಯಿಪಾಠ ಮಾಡುತ್ತೇವೆ. ನಾನೂ ಹಾಗೇ ಓದಿದ್ದೆ. ಅಂಕಿಗಳೇನೋ ನೆನಪಿದ್ದವು. ಆದರೆ "ಈ ನಲ್ಲಿಯ ನೀರನ್ನು ಇವತ್ತು ಕುಡಿಯಬಹುದಾ?" ಅಂತ ಯಾರಾದರೂ ಕೇಳಿದರೆ ಯೋಚನೆ ಎಲ್ಲಿಂದ ಶುರು ಮಾಡಬೇಕು ಅಂತಲೇ ತಿಳಿಯುತ್ತಿರಲಿಲ್ಲ. ಎರಡು ಸಣ್ಣ ಊರುಗಳಲ್ಲಿ ನಡೆದದ್ದನ್ನು ಓದಿದ ಮೇಲೆ ಪಾಠ ಕೂಡಿಬಂತು. ಹಾಗಾಗಿ ಇಲ್ಲೂ ಅಲ್ಲಿಂದಲೇ ಹೊರಡೋಣ.

ವಾಕರ್ಟನ್ ಮತ್ತು ಹ್ಯಾವ್ಲಾಕ್ ನಾರ್ತ್

ವಾಕರ್ಟನ್ ಕೆನಡಾದ ಒಂಟಾರಿಯೊ ಪ್ರಾಂತ್ಯದ ಊರು. ಜನಸಂಖ್ಯೆ ಸುಮಾರು 5,000. 2000ನೇ ಇಸವಿಯ ಮೇ ತಿಂಗಳಲ್ಲಿ ಅಲ್ಲಿ ಜೋರು ಮಳೆ ಬಂತು. ಊರಿಗೆ ನೀರು ಕೊಡುತ್ತಿದ್ದ ಬಾವಿಗಳಲ್ಲಿ ಒಂದು ಆಳವಿಲ್ಲದ್ದು. ಪಕ್ಕದ ಹೊಲದಲ್ಲಿದ್ದ ದನದ ಗೊಬ್ಬರದಿಂದ ರೋಗಾಣುಗಳು ಮಳೆನೀರಿನ ಜೊತೆ ಆ ಬಾವಿಗೆ ಇಳಿದವು. ಇ. ಕೋಲಿ ಅನ್ನುವ ಕರುಳಿನ ಬ್ಯಾಕ್ಟೀರಿಯಾದ ಓ157:ಎಚ್7 ಎಂಬ ಅಪಾಯಕಾರಿ ಬಗೆಯೂ ಅದರಲ್ಲಿತ್ತು. 2,000ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 7 ಜನ ಸತ್ತರು.

ಅಲ್ಲಿ ರೋಗಾಣುಗಳನ್ನು ಕೊಲ್ಲಲು ನೀರಿಗೆ ಕ್ಲೋರಿನ್ ಹಾಕುವ ಯಂತ್ರ ಇತ್ತು. ಆದರೆ ಹಾಕುತ್ತಿದ್ದದ್ದು ಕಡಿಮೆ. ನೀರಿನಲ್ಲಿ ಎಷ್ಟು ಕ್ಲೋರಿನ್ ಉಳಿದಿದೆ ಅಂತ ದಿನವೂ ಅಳೆಯಬೇಕಿತ್ತು. ಅಳೆಯದೇ ಪುಸ್ತಕದಲ್ಲಿ ಅಂಕಿ ಬರೆದಿಡುತ್ತಿದ್ದರು. ಆ ಬಾವಿಯಲ್ಲಿ ಕ್ಲೋರಿನ್ ಮತ್ತು ಕದಡನ್ನು ಬಿಡುವಿಲ್ಲದೆ ಅಳೆಯುವ ಉಪಕರಣ ಇದ್ದಿದ್ದರೆ ಈ ಅನಾಹುತ ತಪ್ಪುತ್ತಿತ್ತು ಅಂತ ಆಮೇಲೆ ನಡೆದ ವಿಚಾರಣೆ ಹೇಳಿತು. ನನ್ನ ಮನಸ್ಸಿನಲ್ಲಿ ಉಳಿದ ಇನ್ನೊಂದು ಸಂಗತಿ ಇದೆ. ಅಲ್ಲಿನ ನೌಕರರು ಕ್ಲೋರಿನ್ ಹಾಕದ ಬಾವಿ ನೀರನ್ನೇ ಕುಡಿಯುತ್ತಿದ್ದರಂತೆ. ತಿಳಿಯಾಗಿದೆ, ರುಚಿಯಾಗಿದೆ, ಏನೂ ಆಗಲ್ಲ ಅಂತ ಅವರು ನಿಜವಾಗಿಯೂ ನಂಬಿದ್ದರು.

ಹ್ಯಾವ್ಲಾಕ್ ನಾರ್ತ್ ನ್ಯೂಜಿಲೆಂಡಿನಲ್ಲಿದೆ. ಜನ ಸುಮಾರು 14,000. ಅಲ್ಲಿನ ಅಂತರ್ಜಲ ಸುರಕ್ಷಿತ ಅಂತ ಭಾವಿಸಿ ಕ್ಲೋರಿನ್ ಹಾಕುತ್ತಲೇ ಇರಲಿಲ್ಲ. 2016ರ ಆಗಸ್ಟ್‌ನಲ್ಲಿ ಜೋರು ಮಳೆ ಬಂತು, ಕುರಿಗಳ ಹಿಕ್ಕೆ ಬೆರೆತ ನೀರು ಕೊಳವೆಬಾವಿಗೆ ಸೇರಿತು. ಕ್ಯಾಂಪಿಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದಿಂದ 5,000ಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು.

ಎರಡರಲ್ಲೂ ಮಳೆ ಇದೆ, ಪ್ರಾಣಿಗಳ ಸಗಣಿ ಇದೆ, ನೋಡಲು ತಿಳಿಯಾದ ನೀರು ಇದೆ. ಎರಡೂ ಕಡೆ, ಆಪತ್ತು ಬಂದ ದಿನ ನೀರಿನಲ್ಲಿ ಕಾವಲಿಗೆ ನಿಲ್ಲುವಷ್ಟು ಕ್ಲೋರಿನ್ ಇರಲಿಲ್ಲ. ಸಣ್ಣ ಊರುಗಳಲ್ಲಿ ಹೀಗಾಗುವ ಸಾಧ್ಯತೆ ಜಾಸ್ತಿ, ಯಾಕೆಂದರೆ ಪಂಪು, ವಾಲ್ವು, ಟ್ಯಾಂಕು, ಲೆಕ್ಕದ ಪುಸ್ತಕ ಎಲ್ಲವನ್ನೂ ಒಬ್ಬಿಬ್ಬರೇ ನೋಡಿಕೊಳ್ಳುತ್ತಾರೆ. ಪ್ರಯೋಗಾಲಯ ದೂರ ಇರುತ್ತದೆ. ತಿಂಗಳಿಗೆ ಕೆಲವೇ ಮಾದರಿಗಳು ಹೋಗುತ್ತವೆ.

ಹಾಕಿದ್ದು, ಖರ್ಚಾದದ್ದು, ಉಳಿದದ್ದು

ಇಡೀ ಪಾಠದ ಕೀಲಿ ಈ ಮೂರು ಪದಗಳಲ್ಲಿದೆ. ಹಾಕಿದ ಕ್ಲೋರಿನ್‌ನಿಂದ ಖರ್ಚಾದ ಕ್ಲೋರಿನ್ ಕಳೆದರೆ ಉಳಿಕೆ ಕ್ಲೋರಿನ್ ಸಿಗುತ್ತದೆ.

ತಿಂಗಳ ಸಂಬಳ ಕೈಗೆ ಬಂದ ಕೂಡಲೇ ಸಾಲಗಾರರು ಬಾಗಿಲಿಗೆ ಬರುತ್ತಾರೆ ಅಂದುಕೊಳ್ಳಿ. ಅವರಿಗೆಲ್ಲ ಕೊಟ್ಟು ಮಿಕ್ಕಿದ್ದೇ ನಮ್ಮದು. ನೀರಿನಲ್ಲೂ ಹಾಗೇ. ಕಬ್ಬಿಣ, ಮ್ಯಾಂಗನೀಸ್, ಕೊಳೆತ ಎಲೆಯ ಅಂಶ, ಅಮೋನಿಯಾ, ಪೈಪಿನ ಒಳಗೋಡೆಗೆ ಅಂಟಿದ ಲೋಳೆ, ಎಲ್ಲವೂ ಕ್ಲೋರಿನ್ ತಿನ್ನುತ್ತವೆ. ಮಳೆ ಬಂದ ದಿನ ಸಾಲಗಾರರು ಹೆಚ್ಚಾಗುತ್ತಾರೆ, ಸಂಬಳ ಮಾತ್ರ ಅಷ್ಟೇ. ನಿನ್ನೆ ಸಾಕಾದ ಪ್ರಮಾಣ ಇವತ್ತು ಸಾಲದೇ ಹೋಗುವುದು ಹೀಗೆ. ಅದಕ್ಕೇ "ದಿನಾ ಇಷ್ಟು ಹಾಕುತ್ತೇವೆ" ಅನ್ನುವ ಉತ್ತರದಿಂದ ಸುರಕ್ಷತೆಯ ಬಗ್ಗೆ ಏನೂ ತಿಳಿಯುವುದಿಲ್ಲ. ಎಷ್ಟು ಉಳಿದಿದೆ ಅಂತಲೇ ಕೇಳಬೇಕು.

ವಿಶ್ವ ಆರೋಗ್ಯ ಸಂಸ್ಥೆ ಕೊಡುವ ಅಂಕಿ ಹೀಗಿದೆ. ಪಿಎಚ್ (ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಅಂತ ಹೇಳುವ ಅಳತೆ) 8ಕ್ಕಿಂತ ಕಡಿಮೆ ಇರಬೇಕು. ಕ್ಲೋರಿನ್ ನೀರಿನ ಜೊತೆ ಕನಿಷ್ಠ 30 ನಿಮಿಷ ಇರಬೇಕು. ಅದಾದ ಮೇಲೂ ಲೀಟರಿಗೆ 0.5 ಮಿಲಿಗ್ರಾಂ ಉಳಿದಿರಬೇಕು. ಮನೆಯ ನಲ್ಲಿಗೆ ಬರುವ ಹೊತ್ತಿಗೆ ಕನಿಷ್ಠ 0.2 ಇರಬೇಕು. ಮೇಲಿನ ಮಿತಿ 5 ಮಿಲಿಗ್ರಾಂ. ಅಷ್ಟಾಗುವ ಮೊದಲೇ ಜನರಿಗೆ ವಾಸನೆ ತಿಳಿದುಬಿಡುತ್ತದೆ.

ಪಿಎಚ್ ಮತ್ತು ಸಮಯದ ಮಾತು ಯಾಕೆ ಬಂತು? ನೀರಿನಲ್ಲಿ ಕರಗಿದ ಕ್ಲೋರಿನ್ ಎರಡು ರೂಪದಲ್ಲಿರುತ್ತದೆ. ಹೈಪೋಕ್ಲೋರಸ್ ಆಮ್ಲ ಬಲಶಾಲಿ. ಹೈಪೋಕ್ಲೋರೈಟ್ ಅಯಾನು ಅದಕ್ಕಿಂತ ತುಂಬಾ ದುರ್ಬಲ. ಪಿಎಚ್ ಸುಮಾರು 7.5 ಇದ್ದಾಗ ಎರಡೂ ಅರ್ಧರ್ಧ. 8.5ಕ್ಕೆ ಹೋದರೆ ಬಲಶಾಲಿ ರೂಪ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಮೀಟರ್ ಅದೇ ಅಂಕಿ ತೋರಿಸುತ್ತಿರುತ್ತದೆ, ಕೆಲಸ ಮಾತ್ರ ನಿಧಾನವಾಗುತ್ತದೆ. ಸಮಯದ ಲೆಕ್ಕ ಸುಲಭ: ಪ್ರಮಾಣವನ್ನು ನಿಮಿಷದಿಂದ ಗುಣಿಸಿ. 0.5ನ್ನು 30ರಿಂದ ಗುಣಿಸಿದರೆ 15. ಟ್ಯಾಂಕಿಗೆ ಕ್ಲೋರಿನ್ ಸುರಿದು ಐದೇ ನಿಮಿಷಕ್ಕೆ ವಾಲ್ವ್ ತಿರುಗಿಸಿ ನೀರು ಬಿಟ್ಟರೆ ಮೊದಲ ಮನೆಗಳಿಗೆ ಈ ಗುಣಲಬ್ಧ ಸಿಗುವುದೇ ಇಲ್ಲ, ಅಲ್ವಾ?

ಕದಡನ್ನು ಎನ್‌ಟಿಯು ಅನ್ನುವ ಘಟಕದಲ್ಲಿ ಅಳೆಯುತ್ತಾರೆ. ಸುಮಾರು 4 ದಾಟಿದ ಮೇಲಷ್ಟೇ ಕಣ್ಣಿಗೆ ಕಾಣಿಸುತ್ತದೆ. ಕ್ಲೋರಿನ್ ಹಾಕುವ ಮೊದಲು 1ಕ್ಕಿಂತ ಕಡಿಮೆ ಇರುವುದು ಒಳ್ಳೆಯದು. ಮಣ್ಣಿನ ಕಣದೊಳಗೆ ಅಡಗಿ ಕುಳಿತ ಬ್ಯಾಕ್ಟೀರಿಯಾಗೆ ಕ್ಲೋರಿನ್ ತಲುಪುವುದಿಲ್ಲ. ಅದಕ್ಕೇ ಮೊದಲು ಆಲಂ ಹಾಕಿ ಕೆಸರು ತಳಕ್ಕೆ ಕೂರಿಸುವುದು, ಆಮೇಲೆ ಮರಳಿನ ಫಿಲ್ಟರ್, ಕೊನೆಗೆ ಕ್ಲೋರಿನ್. ಈ ಕ್ರಮ ತಿರುವುಮುರುವಾದರೆ ಕ್ಲೋರಿನ್ ಎಲ್ಲ ಕೆಸರಿಗೇ ಹೋಗುತ್ತದೆ.

ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ತುಂಬಾ ಜನ ತಪ್ಪು ಮಾಡುವ ಜಾಗ ಒಂದಿದೆ. ನೀರಿನಿಂದ ಗಾಢವಾದ ಕ್ಲೋರಿನ್ ವಾಸನೆ ಬಂದರೆ ಜಾಸ್ತಿ ಹಾಕಿದ್ದಾರೆ ಅಂತ ಬರೆದುಬಿಡುತ್ತಾರೆ. ಎಷ್ಟೋ ಸಲ ವಿಷಯ ಉಲ್ಟಾ ಇರುತ್ತದೆ. ನೀರಿನಲ್ಲಿ ಅಮೋನಿಯಾ ಇದ್ದರೆ ಕ್ಲೋರಿನ್ ಅದರ ಜೊತೆ ಸೇರಿ ಕ್ಲೋರಮೈನ್‌ಗಳಾಗುತ್ತವೆ. ಅವುಗಳಲ್ಲಿ ಎರಡು ಬಗೆಗಳಿಗೆ ಆ ಘಾಟು ಇದೆ. ಇನ್ನಷ್ಟು ಕ್ಲೋರಿನ್ ಹಾಕುತ್ತಾ ಹೋದರೆ ಒಂದು ಹಂತದಲ್ಲಿ ಅವು ಒಡೆದು ಹೋಗುತ್ತವೆ. ಅಲ್ಲಿಂದಾಚೆ ಹಾಕಿದ್ದೆಲ್ಲ ಮುಕ್ತ ಕ್ಲೋರಿನ್ (ಅಮೋನಿಯಾ ಜೊತೆ ಸೇರದ ಕ್ಲೋರಿನ್) ಆಗಿ ಉಳಿಯುತ್ತದೆ. ಇದೇ ಬ್ರೇಕ್‌ಪಾಯಿಂಟ್. ಅಮೋನಿಯಾದಲ್ಲಿರುವ ನೈಟ್ರೋಜನ್ 1 ಗ್ರಾಂ ಇದ್ದರೆ ಈ ಹಂತ ಮುಟ್ಟಲು ಲೆಕ್ಕದ ಪ್ರಕಾರ ಸುಮಾರು 7.6 ಗ್ರಾಂ ಕ್ಲೋರಿನ್ ಬೇಕು. ಹಾಕಿದ ಕ್ಲೋರಿನ್‌ಗೆ ಎಷ್ಟು ಉಳಿಯಿತು ಅಂತ ತೋರಿಸುವ ಗ್ರಾಫ್ ಬಿಡಿಸುವಾಗ ಏರಿ, ಇಳಿದು, ಮತ್ತೆ ಏರುವ ಆ ಗೆರೆಯನ್ನು ಸುಮ್ನೆ ನಕಲು ಮಾಡಬೇಡಿ. ಇಳಿಯುವ ಜಾಗದಲ್ಲಿ ಕ್ಲೋರಮೈನ್ ಒಡೆಯುತ್ತಿದೆ ಅಂತ ಮನಸ್ಸಿನಲ್ಲಿ ಹೇಳಿಕೊಂಡು ಬಿಡಿಸಿ.

ಟ್ಯಾಂಕ್ ದಾಟಿದ ಮೇಲೆ

ನೀರು ಟ್ಯಾಂಕಿನಿಂದ ಚೆನ್ನಾಗಿಯೇ ಹೊರಟಿತು ಅಂದುಕೊಳ್ಳೋಣ. ಈಗ ಅದು ಕಿಲೋಮೀಟರ್‌ಗಟ್ಟಲೆ ಪೈಪಿನಲ್ಲಿ ಹೋಗಬೇಕು.

ದಿನದ 24 ಗಂಟೆಯೂ ಪೈಪ್ ತುಂಬಿ ಒತ್ತಡ ಇದ್ದರೆ, ಬಿರುಕಿನಿಂದ ನೀರು ಹೊರಗೆ ಸೋರುತ್ತದೆ. ನಷ್ಟವೇನೋ ಹೌದು, ಆದರೆ ಕೊಳೆ ಒಳಗೆ ಬರುವುದಿಲ್ಲ. ಹೊತ್ತು ನೋಡಿ ನೀರು ಬಿಡುವ ಊರಿನಲ್ಲಿ ಚಿತ್ರ ಬೇರೆ. ನೀರು ನಿಂತಾಗ ಪೈಪ್ ಖಾಲಿಯಾಗುತ್ತಾ ಹೋಗುತ್ತದೆ. ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗುತ್ತದೆ. ಪಕ್ಕದಲ್ಲಿ ಚರಂಡಿ ಇದ್ದು, ಅದರ ನೀರು ಪೈಪಿನ ಸುತ್ತ ನೆಲದಲ್ಲಿ ಇಂಗಿದ್ದರೆ, ಅದೇ ಬಿರುಕಿನಿಂದ ಕೊಳಚೆ ಒಳಕ್ಕೆ ಎಳೆದುಕೊಳ್ಳುತ್ತದೆ. ಮುಂದಿನ ಸಲ ನೀರು ಬಿಟ್ಟಾಗ ಅದೇ ಮೊದಲು ನಲ್ಲಿಗೆ ಬರುತ್ತದೆ. ನಲ್ಲಿಯ ಪೈಪಿಗೇ ನೇರವಾಗಿ ಮೋಟಾರ್ ಹಾಕಿ ಎಳೆಯುವವರಿದ್ದರೆ ಈ ಎಳೆತ ಇನ್ನೂ ಜೋರು. ಮೊದಲ ಕೆಲವು ನಿಮಿಷದ ನೀರನ್ನು ಕುಡಿಯಲು ಹಿಡಿಯಬೇಡಿ ಅಂತ ಹಿರಿಯರು ಹೇಳುವ ಮಾತಿಗೆ ಇಲ್ಲಿ ಗಟ್ಟಿಯಾದ ಕಾರಣ ಇದೆ.

ಉಳಿಕೆ ಕ್ಲೋರಿನ್ ಬೆಲೆ ತಿಳಿಯುವುದು ಇಲ್ಲೇ. ಸ್ವಲ್ಪ ಕೊಳೆ ನುಗ್ಗಿದರೆ ಅದನ್ನು ಎದುರಿಸುತ್ತದೆ. ಜಾಸ್ತಿ ನುಗ್ಗಿದರೆ ತಾನೇ ಖರ್ಚಾಗಿ ಮಾಯವಾಗುತ್ತದೆ. ಆ ಮಾಯವಾಗುವಿಕೆಯೇ ನಮಗೆ ಸುದ್ದಿ. ನೀರಿಗೆ ಮಲ ಸೇರಿದೆಯಾ ಅಂತ ತಿಳಿಸುವ ಇ. ಕೋಲಿ ಪರೀಕ್ಷೆಯ ಉತ್ತರ ಬರಲು ಸುಮಾರು ಒಂದು ದಿನ ಬೇಕು. ಆ ಹೊತ್ತಿಗೆ ಊರೆಲ್ಲ ನೀರು ಕುಡಿದಾಗಿರುತ್ತದೆ. ಕ್ಲೋರಿನ್ ಪರೀಕ್ಷೆ ಒಂದೆರಡು ನಿಮಿಷದ ಕೆಲಸ. ನನ್ನ ಪ್ರಕಾರ, ಸಣ್ಣ ಊರಿಗೆ ಒಂದೇ ಒಂದು ಉಪಕರಣ ಕೊಡುವುದಾದರೆ ಇದನ್ನೇ ಕೊಡಬೇಕು.

ಅಳೆಯುವ ಕ್ರಮ

ಡಿಪಿಡಿ ಮಾತ್ರೆ ಹಾಕಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಗಾಢವಾದಷ್ಟೂ ಕ್ಲೋರಿನ್ ಜಾಸ್ತಿ. ಒಂದು ನಿಮಿಷದೊಳಗೆ ಓದಿಬಿಡಬೇಕು. ತಡಮಾಡಿದರೆ ಕ್ಲೋರಮೈನ್ ಕೂಡ ನಿಧಾನವಾಗಿ ಬಣ್ಣ ಕೊಡುತ್ತದೆ, ಮುಕ್ತ ಕ್ಲೋರಿನ್ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಇನ್ನೊಂದು ಮೋಸ ಇದೆ: ಕ್ಲೋರಿನ್ ವಿಪರೀತ ಇದ್ದರೆ ಮೂಡಿದ ಗುಲಾಬಿಯನ್ನೂ ಅದು ಅಳಿಸಿಹಾಕುತ್ತದೆ. ಬಣ್ಣ ಮಿಂಚಿ ಮಾಯವಾದರೆ ಸೊನ್ನೆ ಅಂತ ಬರೆಯಬೇಡಿ. ಕ್ಲೋರಿನ್ ಇಲ್ಲದ ನೀರು ಬೆರೆಸಿ ತೆಳುಮಾಡಿ, ಮತ್ತೆ ನೋಡಿ.

ಬ್ಯಾಕ್ಟೀರಿಯಾ ಪರೀಕ್ಷೆಗೆ ಕಳಿಸುವ ಬಾಟಲಿಯಲ್ಲಿ ಮೊದಲೇ ಸೋಡಿಯಂ ಥಯೋಸಲ್ಫೇಟ್ ಇರುತ್ತದೆ. ಅದನ್ನು ಕೊಳೆ ಅಂದುಕೊಂಡು ತೊಳೆಯಬಾರದು. ಅದು ಬಾಟಲಿಯಲ್ಲಿ ಕ್ಲೋರಿನ್ ಅನ್ನು ತಕ್ಷಣ ನಿಲ್ಲಿಸುತ್ತದೆ. ಇಲ್ಲದಿದ್ದರೆ ದಾರಿಯುದ್ದಕ್ಕೂ ಕ್ಲೋರಿನ್ ಕೆಲಸ ಮಾಡುತ್ತಲೇ ಇದ್ದು, ನಲ್ಲಿಯಲ್ಲಿದ್ದ ಬ್ಯಾಕ್ಟೀರಿಯಾ ಪ್ರಯೋಗಾಲಯ ತಲುಪುವ ಮೊದಲೇ ಸಾಯುತ್ತವೆ. ವರದಿ ಚೆನ್ನಾಗಿ ಬರುತ್ತದೆ, ನೀರು ಕೆಟ್ಟೇ ಇರುತ್ತದೆ. 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇ. ಕೋಲಿ ಸಿಗಬಾರದು ಅನ್ನುವುದು ನಿಯಮ.

ಕ್ಲೋರಿನ್ ಕೈಲಾಗದ್ದು

ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿ ಜೀವಿಗೆ ಗಟ್ಟಿಯಾದ ಚಿಪ್ಪು ಇದೆ, ಮಾಮೂಲಿ ಪ್ರಮಾಣದ ಕ್ಲೋರಿನ್ ಅದನ್ನು ಕೊಲ್ಲುವುದಿಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕೀ ನಗರದಲ್ಲಿ ಇದರಿಂದ ಸುಮಾರು 4 ಲಕ್ಷ ಜನ ಕಾಯಿಲೆ ಬಿದ್ದರು ಅಂತ ಅಂದಾಜು. ಒಳ್ಳೆಯ ಫಿಲ್ಟರ್ ಅಥವಾ ಅತಿನೇರಳೆ ಬೆಳಕು ಇದಕ್ಕೆ ಬೇಕು. ಕುದಿಸಿದರೂ ಸಾಯುತ್ತದೆ. ಗುಳ್ಳೆಗಳು ಉಕ್ಕಿ ಬರುವಂತೆ ಒಂದು ನಿಮಿಷ ಕುದಿಸಿದರೆ ಸಾಕು. ಸಮುದ್ರ ಮಟ್ಟದಿಂದ 2,000 ಮೀಟರ್‌ಗಿಂತ ಎತ್ತರದಲ್ಲಿ ಮೂರು ನಿಮಿಷ.

ಕರಗಿದ ರಾಸಾಯನಿಕಗಳ ಮಾತು ಬೇರೆ. ಲೀಟರಿಗೆ ನೈಟ್ರೇಟ್ 50 ಮಿಲಿಗ್ರಾಂ, ಫ್ಲೋರೈಡ್ 1.5, ಆರ್ಸೆನಿಕ್ 0.01, ಸೀಸ 0.01. ಇವು ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಳು. ಇವುಗಳಿಗೆ ಕ್ಲೋರಿನ್ ಏನೂ ಮಾಡದು. ಕುದಿಸಿದರೆ ನೀರು ಆವಿಯಾಗಿ ಇವು ಇನ್ನೂ ಗಟ್ಟಿಯಾಗುತ್ತವೆ. ನೈಟ್ರೇಟ್ ಜಾಸ್ತಿ ಇರುವ ನೀರನ್ನು ಕುದಿಸಿ ಹಸುಗೂಸಿನ ಹಾಲಿನ ಪುಡಿಗೆ ಬೆರೆಸುವುದು ಅದಕ್ಕೇ ಅಪಾಯ.

ಟಿಡಿಎಸ್ ಮೀಟರ್ ಬಗ್ಗೆಯೂ ಹೇಳಬೇಕು. ಅದು ಕರಗಿದ ಲವಣ ಒಟ್ಟು ಎಷ್ಟಿದೆ ಅಂತ ಅಂದಾಜು ಕೊಡುತ್ತದೆ, ಅಷ್ಟೇ. ಬ್ಯಾಕ್ಟೀರಿಯಾ ಅದಕ್ಕೆ ಕಾಣುವುದಿಲ್ಲ. ಕೊಳಚೆ ಬೆರೆತ ನೀರು ಲೀಟರಿಗೆ 200 ಮಿಲಿಗ್ರಾಂ ತೋರಿಸಬಹುದು, ಸುರಕ್ಷಿತ ನೀರು 600 ತೋರಿಸಬಹುದು.

ಎರಡು ಲೆಕ್ಕ

ಟ್ಯಾಂಕ್ 2 ಲಕ್ಷ ಲೀಟರ್. ನೀರು ತಿನ್ನುವ ಕ್ಲೋರಿನ್ ಲೀಟರಿಗೆ 1.2 ಮಿಲಿಗ್ರಾಂ. ಉಳಿಯಬೇಕಾದದ್ದು 0.6. ಹಾಗಾದರೆ ಹಾಕಬೇಕಾದದ್ದು 1.8, ಒಟ್ಟು 360 ಗ್ರಾಂ ಕ್ಲೋರಿನ್. ಬ್ಲೀಚಿಂಗ್ ಪುಡಿಯಲ್ಲಿ ಶೇ. 30 ಕ್ಲೋರಿನ್ ಇದ್ದರೆ 1.2 ಕಿಲೋ ಪುಡಿ ಬೇಕು. ಲೆಕ್ಕ ಇಲ್ಲಿಗೇ ಮುಗಿಸಬೇಡಿ. ಚೀಲದ ಬಾಯಿ ತೆರೆದಿಟ್ಟು, ತೇವ ತಗುಲಿ, ಪುಡಿಯ ಬಲ ಶೇ. 20ಕ್ಕೆ ಇಳಿದಿದೆ ಅಂದುಕೊಳ್ಳಿ. ಅದೇ 1.2 ಕಿಲೋ ಹಾಕಿದರೆ ಸಿಗುವುದು 240 ಗ್ರಾಂ ಕ್ಲೋರಿನ್, ಅಂದರೆ ಲೀಟರಿಗೆ 1.2 ಮಿಲಿಗ್ರಾಂ. ಅಷ್ಟನ್ನೂ ನೀರೇ ತಿಂದುಬಿಡುತ್ತದೆ. ಉಳಿಕೆ ಸೊನ್ನೆ. ಪುಸ್ತಕದಲ್ಲಿ ಮಾತ್ರ "1.2 ಕಿಲೋ ಹಾಕಲಾಗಿದೆ" ಅಂತ ಸರಿಯಾಗಿಯೇ ಇರುತ್ತದೆ.

ಎರಡನೆಯದು. ಟ್ಯಾಂಕಿನ ಬಾಯಲ್ಲಿ 0.6 ಇದೆ. ಮೂರು ಬೀದಿಗಳ ಕೊನೆಯ ನಲ್ಲಿಯಲ್ಲಿ 0.3 ಇದೆ. ನಾಲ್ಕನೆಯ ಬೀದಿಯ ಕೊನೆಯಲ್ಲಿ ಸೊನ್ನೆ. ಏನು ಮಾಡುತ್ತೀರಿ? ಟ್ಯಾಂಕಿಗೆ ಇನ್ನಷ್ಟು ಪುಡಿ ಹಾಕಿ ಅಂತ ಉತ್ತರಿಸಬೇಡಿ. ಹಾಗೆ ಮಾಡಿದರೆ ಆ ನಲ್ಲಿಯಲ್ಲಿ ಅಂಕಿ ಬರಬಹುದು, ಆದರೆ ತೊಂದರೆ ಮರೆಯಾಗಿ ಕೂರುತ್ತದೆ. ಉಳಿದ ಮೂರು ಬೀದಿ ಸರಿ ಇರುವುದರಿಂದ ಟ್ಯಾಂಕಿನಲ್ಲಿ ತಪ್ಪಿಲ್ಲ, ಆ ಒಂದು ಸಾಲಿನಲ್ಲಿದೆ. ಮೊದಲು ಆ ಬೀದಿಯ ಮನೆಗಳಿಗೆ ನೀರು ಕುದಿಸಿ ಕುಡಿಯಲು ಹೇಳಿ. ಇ. ಕೋಲಿ ಪರೀಕ್ಷೆಗೆ ಮಾದರಿ ತೆಗೆಯಿರಿ. ಆಮೇಲೆ ಪೈಪಿನ ತುದಿಯ ವಾಲ್ವ್ ತೆರೆದು ನಿಂತ ನೀರನ್ನೆಲ್ಲ ಹೊರಗೆ ಬಿಟ್ಟು ಮತ್ತೆ ಅಳೆಯಿರಿ. 0.3 ಬಂದು ದಿನಗಟ್ಟಲೆ ಹಾಗೇ ನಿಂತರೆ, ತುದಿಯಲ್ಲಿ ನೀರು ಓಡಾಡದೆ ಹಳಸಿತ್ತು ಅಂತ ಅರ್ಥ. ಮುಂದಿನ ಸಲ ನೀರು ಬಿಟ್ಟಾಗಲೇ ಮತ್ತೆ ಸೊನ್ನೆಯಾದರೆ, ಆ ಸಾಲು ಚರಂಡಿಯ ಪಕ್ಕ ಎಲ್ಲಿ ಹಾದುಹೋಗಿದೆ ಅಂತ ನಕ್ಷೆಯಲ್ಲಿ ಹುಡುಕಿ, ಅಲ್ಲಿಂದ ಅಗೆಯಲು ಶುರು ಮಾಡಿ.